ಕಾನ್ಸೆಪ್ಟಾಬಾಯಿಯ ಕರಿ ಸ್ಕ್ರೀನು

ಬೆಳಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಬಾಯಮ್ಮನ ಅಂಗಡಿ ಎಲ್ಲಿ?" ಎಂದು ಯಾರನ್ನಾದರೂ ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಕೈ ತೋರಿಸುತ್ತಾರೆ. ಬೋರ್ಡಿನ ಮೇಲೆ 'ಪ್ಯಾಟ್ರಿಕ್ ಗ್ರಾಫಿಕ್ಸ್' ಎಂದು ಬರೆದಿರುವುದು ನಿಜ. ಆದರೆ ಆ ಬೋರ್ಡು ಓದುವವನು ಪ್ಯಾಟ್ರಿಕ್ ಒಬ್ಬನೇ.

ಬಾಯಮ್ಮ ಎಂದರೆ ಪ್ಯಾಟ್ರಿಕ್‌ನ ಹೆಂಡತಿ ಕಾನ್ಸೆಪ್ಟಾ. ಐವತ್ತು ದಾಟಿದ, ಗುಂಡಗಿನ, ನಕ್ಕರೆ ಎದುರಿನ ಹೋಟೆಲಿನವನು ದೋಸೆ ಮಗುಚುವುದನ್ನೇ ಮರೆಯುವಂಥ ಹೆಂಗಸು. ಅವಳ ಅಜ್ಜ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವನು, ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಆಫೀಸಿನ ಟೈಪ್‌ರೈಟರನ್ನು ಕದ್ದು ಕುಟ್ಟುತ್ತ ಬೆಳೆದ ಹುಡುಗಿ ಸಕಲೇಶಪುರಕ್ಕೆ ಹೋಗಿ ಕನ್ನಡ ಟೈಪಿಂಗ್ ಕಲಿತಳು. ಅಲ್ಲೇ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಪ್ಯಾಟ್ರಿಕ್‌ನನ್ನು ಕಟ್ಟಿಕೊಂಡಳು. ಪ್ರೆಸ್ಸು ಮುಚ್ಚಿತು, ಕಂಪ್ಯೂಟರ್ ಬಂತು. ಮೊಳೆ ಜೋಡಿಸುವವನು ಲ್ಯಾಮಿನೇಷನ್ ಮೆಷಿನ್ನಿನ ಹತ್ತಿರ ಕೂತ, ಅವಳು ಕೀಬೋರ್ಡಿನ ಮುಂದೆ ಕೂತಳು. ಅಲ್ಲಿಂದೀಚೆಗೆ ಸುತ್ತಿನ ಊರುಗಳಲ್ಲಿ ಅವಳ ಬೆರಳು ತಾಗದ ಮದುವೆ ಪತ್ರಿಕೆ ಇಲ್ಲ. ಆ ಕೆಲಸ ಅವಳಿಗೆ ಪ್ರಾಣ.

ಒಂದು ಸಲ ಮದುವೆ ಪತ್ರಿಕೆಯಲ್ಲಿ ಹುಡುಗಿಯ ಸೋದರಮಾವನ ಹೆಸರು ಬಿಟ್ಟುಹೋಯಿತು. ಸೋದರಮಾವನ ಹೆಸರು! ಅವನು ಧಾರೆಯ ಹೊತ್ತಿಗೆ ಸರಿಯಾಗಿ ಚಪ್ಪರದಿಂದ ಎದ್ದು ಹೋದ. ಆ ರಂಪ ಅಂಗಡಿಯ ತನಕ ಬಂತು. ಮಾರನೇ ದಿನವೇ ಪ್ಯಾಟ್ರಿಕ್ ದೊಡ್ಡದೊಂದು ಸ್ಕ್ರೀನು ತಂದು, ರಸ್ತೆಗೆ ಮುಖ ಮಾಡಿ ಕಿಟಕಿಯಲ್ಲಿ ಕೂರಿಸಿದ. ಒಳಗೆ ಅವಳು ಮಾಡಿದ್ದೆಲ್ಲ ಹೊರಗೂ ಕಾಣುತ್ತದೆ. ಮಾವಂದಿರು, ಭಾವಂದಿರು ನೋಡಿ ಹೂಂ ಅಂದ ಮೇಲೇ ಪ್ರಿಂಟು. ಊರಿಗೆ ಬಿಟ್ಟಿ ಟೀವಿ ಸಿಕ್ಕಿದಂತಾಯಿತು. ಸ್ಕ್ರೀನು ಬೆಳ್ಳಗಿದ್ದರೆ ಮದುವೆ, ಗೃಹಪ್ರವೇಶ, ಹೆಸರಿಡುವುದು. ಶ್ರದ್ಧಾಂಜಲಿಗೆ ಮಾತ್ರ ಕರಿ ಹಿನ್ನೆಲೆ, ನಡುವೆ ಫೋಟೋ, ಕೆಳಗೆ ಬಿಳಿ ಅಕ್ಷರ. ಹಾಗಾಗಿ ಕಿಟಕಿ ಕಪ್ಪಾಯಿತೆಂದರೆ ಬಸ್ಸಿನೊಳಗಿದ್ದವರೂ ಕತ್ತು ಚಾಚಿ "ಯಾರು ಹೋಗ್ಬುಟ್ರು?" ಎನ್ನುತ್ತಿದ್ದರು.

ಹೀಗಿರುವಾಗ ಕಾನ್ಸೆಪ್ಟಾಳ ಕಣ್ಣು ಮುಷ್ಕರ ಹೂಡಿತು. ಬಿಳಿ ಸ್ಕ್ರೀನು ನೋಡಿದರೆ ಸಾಕು, ದಳದಳ ನೀರು. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿತ. ಮದುವೆ ಪತ್ರಿಕೆ ಮಾಡಿಸಲು ಬಂದವರು ಗಾಬರಿಯಾಗಿ, "ಹುಡ್ಗಿ ನಿಮ್ಗೇನಾಗ್ಬೇಕು ಬಾಯಮ್ಮ, ಇಷ್ಟೊಂದು ಅಳ್ತೀರಲ್ಲ?" ಎಂದು ಕೇಳುವಂತಾಯಿತು. ಹಾಸನದ ಕಣ್ಣಿನ ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟು, ಕಣ್ಣಿಗೆ ಹೊಡೆಯುವ ಬೆಳಕು ಕಡಿಮೆ ಮಾಡಿ, ಆಗದಿದ್ದರೆ ಈ ಕೆಲಸವನ್ನೇ ಬಿಡಿ ಎಂದರು. ಕೆಲಸ ಬಿಡುವುದೇ! ಅವಳು ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅದು ಬೆಳಗೋಡಿನ ಮಟ್ಟಿಗೆ ದೊಡ್ಡ ಸುದ್ದಿಯೇ.

ಆ ಭಾನುವಾರ ಮಗಳು ಏಂಜೆಲಾ ಮನೆಗೆ ಬಂದಳು. ಹಾಸನದಲ್ಲಿ ನರ್ಸ್. ಅಮ್ಮನ ಗೋಳು ಕೇಳಿ, ಕಂಪ್ಯೂಟರಿನಲ್ಲಿ ಏನೋ ಎರಡು ಕಡೆ ಒತ್ತಿದಳು ನೋಡಿ, ಇಡೀ ಸ್ಕ್ರೀನು ಕಪ್ಪಾಯಿತು. ಅಕ್ಷರಗಳು ಮಾತ್ರ ಬೆಳ್ಳಗೆ ಎದ್ದು ನಿಂತವು.

"ಹಾಯ್ ದೆವಾ!" ಎಂದಳು ಕಾನ್ಸೆಪ್ಟಾ. "ಬಾವಿ ನೀರಲ್ಲಿ ಮುಖ ತೊಳೆದ ಹಾಗಾಯ್ತು ಮಾರಾಯ್ತಿ! ಇದೆಲ್ಲ ಮೊದಲೇ ಯಾಕೆ ಹೇಳ್ಲಿಲ್ಲ?"

ಪ್ಯಾಟ್ರಿಕ್‌ಗೆ ಮಾತ್ರ ಮೈಯೆಲ್ಲ ಉರಿಯಿತು. ಮನೆಯಲ್ಲಿ ಅವರು ಮಾತಾಡುವುದು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ, ಗಿರಾಕಿಗಳೂ ಪಂಚಾಯಿತಿಗೆ ಸೇರಿಕೊಳ್ಳಲಿ ಎಂದು.

"ಕಾಗದ ಬೆಳ್ಳಗಿರ್ತದೆ, ಶಾಯಿ ಕಪ್ಪಗಿರ್ತದೆ. ಪ್ರೆಸ್ಸಿನ ಧರ್ಮ ಅದು. ದೇವರು ಮಾಡಿದ ಕ್ರಮ!"

"ದೇವರ ಹತ್ರ ಮೊದಲು ಇದ್ದದ್ದು ಕತ್ತಲೆಯೇ. ಬೆಳಕು ಆಮೇಲೆ ಬಂದದ್ದು. ಚರ್ಚಿನಲ್ಲಿ ಕೂತು ತೂಕಡಿಸಿದ್ರೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ ನಿನಗೆ?"

ಬೆಳಿಗ್ಗೆ ಅವನು ಬಾಗಿಲು ತೆಗೆದು ಬಿಳಿ ಮಾಡುವುದು, ಅವಳು ಬಂದು ಕಪ್ಪು ಮಾಡುವುದು. ಅವಳು ಅನ್ನಕ್ಕೆ ಎದ್ದರೆ ಬಿಳಿ, ಕೈ ತೊಳೆದು ಬಂದರೆ ಕಪ್ಪು. ಹೋಟೆಲಿನಲ್ಲೂ ಎರಡು ಪಾರ್ಟಿಯಾಯಿತು. "ಕಿಟಕಿ ಕಪ್ಪಾದ್ರೆ ಜನ ಏನಂದ್ಕೋತಾರೆ ಗೊತ್ತುಂಟಾ?" ಎಂದು ಪ್ಯಾಟ್ರಿಕ್ ಹೇಳಿದ್ದು ಮಾತ್ರ ಸರಿಯೇ ಇತ್ತು. ಆದರೆ ಗಂಡ ಸರಿಯಾದದ್ದು ಹೇಳಿದಾಗ ಯಾವ ಹೆಂಡತಿ ಕೇಳಿದ್ದಾಳೆ?

ಈ ಜಗಳ ನಡೆದದ್ದು ಮೂರೇ ದಿನ. ಬುಧವಾರ ಬೆಳಿಗ್ಗೆ ಪಾಳ್ಯದ ದೇವೀರಪ್ಪ ಬಂದರು. ಗದ್ದೆ, ಒಂದಿಷ್ಟು ಕಾಫಿ ಇಟ್ಟುಕೊಂಡ ಗಟ್ಟಿ ಮುದುಕ. ಹಿರಿಯ ನಾಗರಿಕರ ಕಾರ್ಡಿಗೆ ಫೋಟೋ ಬೇಕಿತ್ತು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾನ್ಸೆಪ್ಟಾ ಫೋಟೋ ತೆಗೆದಳು, ಕಾಫಿ ಕೊಟ್ಟಳು. "ಸಕ್ಲೇಶ್‌ಪುರಕ್ಕೋಗಿ ಈ ಸ್ಪ್ರೇ ಮೆಷಿನ್ ರಿಪೇರಿ ಮಾಡುಸ್ಕೊಂಡು ಬತ್ತೀನಿ ಕಣವ್ವ, ಫೋಟೋ ಆಮೇಲೆ ಇಸ್ಕೋತೀನಿ," ಎಂದು ಅವರು ಬಸ್ಸು ಹತ್ತಿದರು. ಅವಳು ಅವರ ಮುಖವನ್ನು ಸ್ಕ್ರೀನಿನ ನಡುವೆ ದೊಡ್ಡದಾಗಿ ಇಟ್ಟು, ಬೇರೆ ಫೋಟೋಗಳ ಜೊತೆ ಬೆರೆಯದಿರಲಿ ಎಂದು ಕೆಳಗೆ 'ಶ್ರೀ ದೇವೀರಪ್ಪನವರು, ಪಾಳ್ಯ' ಎಂದು ಬರೆದು, ಹಿಂದಿನ ಅಡುಗೆಮನೆಗೆ ಮೀನು ತೊಳೆಯಲು ಹೋದಳು.

ಸುತ್ತ ಕಪ್ಪು, ನಡುವೆ ಫೋಟೋ, ಕೆಳಗೆ ಬಿಳಿ ಅಕ್ಷರ.

ಅಷ್ಟರಲ್ಲಿ ಪಾಳ್ಯದ ಕಡೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹುಚ್ಚಣ್ಣ ಕಿಟಕಿ ನೋಡಿ, "ಅಯ್ಯಯ್ಯಪ್ಪಾ, ದೇವೀರಪ್ಪಾರು!" ಎಂದು ಎದೆ ಮೇಲೆ ಕೈ ಇಟ್ಟುಕೊಂಡ. ಮುಂದಿನದು ಹೇಳಬೇಕೆ? ಪ್ರತಿ ಸ್ಟಾಪಿನಲ್ಲೂ ಟಿಕೆಟ್ಟಿನ ಜೊತೆ ಸುದ್ದಿಯನ್ನೂ ಹರಿದು ಕೊಟ್ಟ.

ಮಧ್ಯಾಹ್ನ ಅಂಗಡಿಗೆ ಫೋನು ಬಂತು. ದೇವೀರಪ್ಪನವರ ತಮ್ಮನ ಮಗ ಸಂಜಯ್. "ಬಾಯಮ್ಮ, ನಮ್ ದೊಡ್ಡಪ್ಪ ಹೋಗ್ಬುಟ್ರು. ಅರ್ಜೆಂಟಾಗಿ ಒಂದು ಶ್ರದ್ಧಾಂಜಲಿ ಬೋರ್ಡ್ ಮಾಡ್ಕೊಂಡು ಬನ್ನಿ. ಫೋಟೋ ನಿಮ್ಮತ್ರನೇ ಐತಂತಲ್ಲ?"

ಕಾನ್ಸೆಪ್ಟಾ ಸ್ಟೂಲಿನ ಮೇಲೆ ಕುಸಿದಳು. "ಬೆಳಿಗ್ಗೆ ನನ್ನ ಕೈಯಿಂದಲೇ ಕಾಫಿ ಕುಡಿದು ಹೋದ್ರಲ್ಲೋ ಸಂಜಯ್!" ಕಪ್ಪು ಸ್ಕ್ರೀನಿನ ಮುಂದೆಯೂ ಅವಳ ಕಣ್ಣಲ್ಲಿ ನೀರು ಬಂದದ್ದು ಅವತ್ತೇ ಮೊದಲು. ಅಳುತ್ತಲೇ 'ಶಿವೈಕ್ಯರಾದ' ಎಂದು ಸೇರಿಸಿದಳು. ಸುತ್ತಲಿನ ಕಪ್ಪು ಹೇಗೂ ಇತ್ತು. ಪ್ಯಾಟ್ರಿಕ್ ಲ್ಯಾಮಿನೇಷನ್ ಮಾಡಿದ. ಇಬ್ಬರೂ ಸ್ಕೂಟರ್ ಹತ್ತಿ ಪಾಳ್ಯಕ್ಕೆ ಹೊರಟರು.

ಅಂಗಳದ ತುಂಬ ಜನ. ಬೆಳಗೋಡಲ್ಲಿ ಸತ್ತರಂತೆ, ಆಂಬುಲೆನ್ಸಲ್ಲಿ ಬರ್ತಾರಂತೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ದೇವೀರಪ್ಪನವರ ಫೋನು ಗೋಡೆಯ ಮೇಲೆ ಚಾರ್ಜಿಗೆ ನೇತಾಡುತ್ತಿತ್ತು, ಆ ಮನುಷ್ಯ ಅದನ್ನು ಬಿಟ್ಟೇ ಹೋಗಿದ್ದರು. ಜಗಲಿಯ ಮೇಲೆ ಅವರ ಹೆಂಡತಿ ಬಸಮ್ಮ ಎದೆ ಬಡಿದುಕೊಳ್ಳುತ್ತಿದ್ದರು. "ರೊಟ್ಟಿಗೆ ಉಪ್ಪು ಜಾಸ್ತಿ ಆಯ್ತು ಅಂದಿದ್ಕೆ ನೀವೇ ಸುಟ್ಕೊಂಡು ತಿನ್ನಿ ಹೋಗಿ ಅಂದ್ಬುಟ್ನಲ್ಲವ್ವಾ! ಇನ್ಯಾರಿಗೆ ಸುಟ್ಟಾಕ್ಲಿ ರೊಟ್ಟಿಯಾ!"

ಸಂಜಯ್ ಬೋರ್ಡನ್ನು ಕಂಬಕ್ಕೆ ಕಟ್ಟಿ ಹಾರ ಹಾಕಿದ. ಅದೇ ಹೊತ್ತಿಗೆ ಬಸ್ಸಿಳಿದು, ಸ್ಪ್ರೇ ಮೆಷಿನ್ ಬೆನ್ನಿಗೆ ಹೇರಿಕೊಂಡು ದೇವೀರಪ್ಪ ಬಂದರು. ತಮ್ಮ ಅಂಗಳದಲ್ಲಿ ಜನ ಕಂಡು, ಎಲ್ಲರಿಗಿಂತ ಹಿಂದೆ ನಿಂತಿದ್ದ ಪಕ್ಕದ ಮನೆಯ ಅಣ್ಣಯ್ಯನ ಭುಜ ತಟ್ಟಿ ಕೇಳಿದರು. "ಯಾರ್ಲಾ ಹೋದ್ದು?"

ಅಣ್ಣಯ್ಯ ತಿರುಗಲೂ ಇಲ್ಲ. "ನಮ್ ದೇವೀರಪ್ಪ ಕಣೋ. ಒಳ್ಳೆ ಮನ್ಸ. ವಸಿ ಜುಗ್ಗ, ಅಷ್ಟೇಯ."

"ಜುಗ್ಗ ಯಾವನ್ಲಾ!"

ಆಗ ತಿರುಗಿದ ಅಣ್ಣಯ್ಯ ಕಿರುಚಿದ್ದು ಆಲೂರಿನ ತನಕ ಕೇಳಿಸಿರಬೇಕು. ಅರ್ಧ ಅಂಗಳ ಖಾಲಿಯಾಯಿತು. ದೇವೀರಪ್ಪ ನಿಧಾನವಾಗಿ ಕಂಬದ ಹತ್ತಿರ ಹೋದರು, ಹಾರ ಸರಿಸಿ ತಮ್ಮನ್ನೇ ತಾವು ನೋಡಿಕೊಂಡರು.

"ಬಾಯಮ್ಮ, ಫೋಟೋ ಪಸಂದಾಗಿ ಬಂದೈತೆ ಕಣವ್ವ. ಕಾರ್ಡಿಗೂ ಇದ್ನೇ ಹಾಕ್ಬುಡು."

ಬಸಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದು ಬಂದರು. "ಎಲ್ಲಿ ಸಾಯಕ್ಕೋಗಿದ್ರಿ ಇಷ್ಟೊತ್ತು?" ಎಂದವರೇ ಗಂಡನ ತೋಳು ಹಿಡಿದುಕೊಂಡರು. ಎಷ್ಟು ಹೊತ್ತಾದರೂ ಬಿಡಲೇ ಇಲ್ಲ.

ಕಾನ್ಸೆಪ್ಟಾ ತಡೆದುಕೊಳ್ಳಲು ನೋಡಿದಳು. ಬಾಯಿಗೆ ಸೆರಗು ತುರುಕಿಕೊಂಡಳು, ಪ್ಯಾಟ್ರಿಕ್‌ನ ಬೆನ್ನಿನ ಹಿಂದೆ ಮುಖ ಮುಚ್ಚಿಕೊಂಡಳು. ಆಗಲಿಲ್ಲ. ಅವಳ ನಗು ಸಿಡಿಯಿತು, ಅದರ ಹಿಂದೆ ಇಡೀ ಅಂಗಳವೇ ಬಿದ್ದು ಬಿದ್ದು ನಕ್ಕಿತು.

ನಗದವನು ಸಂಜಯ್ ಒಬ್ಬನೇ. ಕರಿ ಕಿಟಕಿಯಿಂದ ಸುದ್ದಿ ಹೊರಟಿದ್ದು ಗೊತ್ತಾದ ಕೂಡಲೇ ಕೆಂಡವಾದ. "ಕೂಸು ಹುಟ್ಟಕ್ ಮುಂಚೆ ಕುಲಾವಿ ಹೊಲಿಯೋದು ಕೇಳಿದ್ದೆ, ಬದ್ಕಿರೋರಿಗೆ ಹಾರ ಹಾಕ್ಸಿದ್ದು ನೀವೇಯಾ. ನೋಡಿ ಬಾಯಮ್ಮ, ಇನ್ನೊಂದ್ಸಲ ಆ ಸ್ಕ್ರೀನ್ ಕರ್ರಗೆ ಕಂಡ್ರೆ ಪಾಳ್ಯದೋರು ಒಬ್ರೂ ನಿಮ್ಮಂಗ್ಡಿ ಮೆಟ್ಲು ಹತ್ತಲ್ಲ!"

ಮಾರನೇ ಬೆಳಿಗ್ಗೆ ಪ್ಯಾಟ್ರಿಕ್ ಸ್ಕ್ರೀನು ಬಿಳಿ ಮಾಡಿದ. ಕಿಟಕಿಯ ಸ್ಕ್ರೀನು ತೆಗೆಯೋಣವೆಂದರೆ ಮತ್ತೆ ಸೋದರಮಾವಂದಿರ ಕಾಟ. ಕಾನ್ಸೆಪ್ಟಾ ಬಂದು ಕೂತಳು. ಕಪ್ಪು ಮಾಡಲಿಲ್ಲ. ಒಂದು ಗೃಹಪ್ರವೇಶದ ಪತ್ರಿಕೆ ಅರ್ಧ ಮುಗಿಯುವಷ್ಟರಲ್ಲಿ ಅಕ್ಷರಗಳೆಲ್ಲ ನೀರಿನಲ್ಲಿ ಈಜಾಡಿದವು. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಬೇರೆ ಯಾರನ್ನಾದ್ರೂ ಕೂರಿಸು ಪ್ಯಾಟ್ರಿಕ್. ನನ್ನಿಂದ ಆಗುದಿಲ್ಲ."

ಇದನ್ನು ಅವಳು ಕೊಂಕಣಿಯಲ್ಲಿ ಹೇಳಿದಳು. ಜಗಳವಾಗಿದ್ದರೆ ಕನ್ನಡದಲ್ಲೇ ಹೇಳುತ್ತಿದ್ದಳು. ಪ್ಯಾಟ್ರಿಕ್ ಲ್ಯಾಮಿನೇಷನ್ ಮೆಷಿನ್ನನ್ನು ಸುಮ್ಮನೆ ಒರೆಸುತ್ತ ನಿಂತ. ಎದುರಿನ ಹೋಟೆಲಿನಲ್ಲಿ ದೋಸೆ ಒಂದೂ ಸೀಯಲಿಲ್ಲ, ಆದರೂ ಯಾರಿಗೂ ರುಚಿಸಲಿಲ್ಲ.

ಎರಡು ದಿನ ಅಂಗಡಿ ಹಾಗೇ ಇತ್ತು. ಶನಿವಾರ ದೇವೀರಪ್ಪ ಬಂದರು. ಜೊತೆಗೆ ರೇಷ್ಮೆ ಸೀರೆ ಉಟ್ಟ ಬಸಮ್ಮ.

"ಏನವ್ವಾ ಇದು, ಸ್ಕ್ರೀನ್ಯಾಕೆ ಬೆಳ್ಳಗೈತೆ?" ಎಂದರು ದೇವೀರಪ್ಪ.

"ನಿಮ್ಮ ಸಂಜಯ್..." ಎಂದು ಪ್ಯಾಟ್ರಿಕ್ ಶುರುಮಾಡಿದ.

"ಅವನ್ಗೇನ್ ಗೊತ್ತು, ಮೊನ್ನೆ ಹುಟ್ಟಿದೋನು! ಸತ್ತ ಅಂತ ಸುಳ್ ಸುದ್ದಿ ಹಬ್ಬುದ್ರೆ ಆಯಸ್ಸು ಗಟ್ಟಿ ಅಂತ ನಮ್ಮವ್ವ ಹೇಳೋಳು. ಬರೀ ಸುದ್ದಿಯೇನು, ನಂಗೆ ಹಾರನೂ ಬಿದ್ದೈತೆ! ಇನ್ನು ಯಮ ಬಂದ್ರೂ ಆಗ್ಲೇ ಕರ್ಕೊಂಡೋಗಿದ್ದೀವಲ್ಲ ಅಂದ್ಕೊಂಡು ವಾಪಸ್ ಹೋಯ್ತಾನೆ. ಬೋರ್ಡನ್ನ ನಡುಮನೇಲೇ ನೇತಾಕಿದೀನಿ."

ಬಸಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕೂತರು. "ಇವ್ರೊಬ್ರೇ ನೂರು ವರ್ಷ ಇದ್ರೆ ರೊಟ್ಟಿ ಸುಟ್ಟಾಕೋರ್ಯಾರು? ನಂದೂ ಕರಿ ಮೇಲೆ ಹಾಕ್ಬುಡು ಬಾಯಮ್ಮ. ಬಸ್ಸು ಬರೋ ಹೊತ್ಗೆ ಸರಿಯಾಗಿ ಹಾಕು, ಹುಚ್ಚಣ್ಣ ನೋಡ್ಲಿ."

ಕಾನ್ಸೆಪ್ಟಾ ಗಂಡನ ಮುಖ ನೋಡಿದಳು. ಪ್ಯಾಟ್ರಿಕ್ ಮೊದಲು ಸೂರು ನೋಡಿದ, ಆಮೇಲೆ ನೆಲ ನೋಡಿದ, ಕೊನೆಗೆ ತಾನೇ ಬಂದು ಮಗಳು ತೋರಿಸಿದ್ದ ಎರಡು ಕಡೆ ಒತ್ತಿದ. ಅವಳು ನಕ್ಕಳು. ಎದುರಿಗೆ ದೋಸೆ ಸೀದ ವಾಸನೆ ಬಂತು.

ಆಮೇಲೆ ನೋಡಬೇಕಿತ್ತು ಬೆಳಗೋಡಿನ ಸಡಗರ! ಮಂಡಿನೋವಿನವರು, ದಮ್ಮಿನವರು, ಏನೂ ಇಲ್ಲದ ಗಟ್ಟಿಮುಟ್ಟಾದವರು, ಎಲ್ಲರೂ ಹೊಸ ಬಟ್ಟೆ ಹಾಕಿ ಸರದಿಯಲ್ಲಿ ನಿಂತರು. "ಇವತ್ತು ಯಾರು ಹೋದ್ರು?" ಎಂದು ಹುಚ್ಚಣ್ಣ ಬಸ್ಸಿನಿಂದ ಕೂಗುವುದು, "ನಾನು!" ಎಂದು ಯಾರೋ ಅಜ್ಜಿ ಹೋಟೆಲಿನಿಂದ ಕೈಯೆತ್ತುವುದು. ಮದುವೆ ಪತ್ರಿಕೆಯನ್ನೂ ಜನ ಕರಿ ಸ್ಕ್ರೀನಿನ ಮೇಲೆಯೇ ಮಾಡಿಸಿದರು, ಸಂಸಾರ ಗಟ್ಟಿಯಾಗಿರಲಿ ಎಂದು. ಸಂಜಯ್ ಕೂಡ ಒಂದು ದಿನ ಮುಖ ಮರೆಸಿಕೊಂಡು ಬಂದು ಫೋಟೋ ತೆಗೆಸಿಕೊಂಡ.

ಒಂದು ಮಧ್ಯಾಹ್ನ ಕಾನ್ಸೆಪ್ಟಾ ಅನ್ನ ಉಂಡು, ಕೈ ತೊಳೆದು ಅಂಗಡಿಗೆ ಬಂದಳು. ರಸ್ತೆಯಲ್ಲಿ ನಿಂತಿದ್ದ ಬಸ್ಸು ಹೊರಟಿರಲಿಲ್ಲ. ಒಳಗಿದ್ದವರೆಲ್ಲ ಒಂದೇ ಕಡೆ ವಾಲಿ ಕಿಟಕಿ ನೋಡುತ್ತಿದ್ದರು.

ಕರಿ ಸ್ಕ್ರೀನಿನ ನಡುವೆ ಅವಳದೇ ಫೋಟೋ. ಟೈಪಿಂಗ್ ಪರೀಕ್ಷೆಯ ಹಾಲ್ ಟಿಕೆಟ್ಟಿನದು. ಎರಡು ಜಡೆ, ಹೆದರಿದ ಕಣ್ಣು. ಅದು ಕಳೆದುಹೋಗಿದೆ ಎಂದೇ ಅವಳು ತಿಳಿದಿದ್ದಳು. ಪ್ಯಾಟ್ರಿಕ್‌ನ ಪರ್ಸು ಮೇಜಿನ ಮೇಲೆ ತೆರೆದು ಬಿದ್ದಿತ್ತು. ಹುಟ್ಟಿದಾರಭ್ಯ ಒಂದಕ್ಷರ ಟೈಪ್ ಮಾಡದ ಮನುಷ್ಯ ಒಂದೇ ಬೆರಳಿನಲ್ಲಿ ಕೆಳಗೆ ಅವಳ ಹೆಸರು ಒತ್ತಿದ್ದ.

"ಬಾಯಮ್ಮ ಹೋಗ್ಬುಟ್ರಾ?" ಹುಚ್ಚಣ್ಣ ಬಸ್ಸಿನಿಂದ ಕೂಗಿದ.

"ಎಲ್ಲಿಗೂ ಹೋಗಲ್ಲ ಅವಳು!" ಪ್ಯಾಟ್ರಿಕ್ ಬಾಗಿಲಿಗೆ ಬಂದು ಗದರಿದ. "ಹೋಗ್ಬಾರ್ದು ಅಂತಲೇ ಹಾಕಿರೋದು! ನೀನು ಹೊರಡು, ಎಲ್ಲ ಊರಲ್ಲೂ ಹೇಳು!"

ಬಸ್ಸು ಹಾರ್ನ್ ಹೊಡೆಯುತ್ತ ಹೊರಟಿತು. ಕಾನ್ಸೆಪ್ಟಾ ಗಂಡನ ಹತ್ತಿರ ಹೋಗಿ, ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಸ್ಕ್ರೀನು ಕಪ್ಪಗೇ ಉಂಟಲ್ಲ ಮಾರಾಯ, ನಿನ್ನ ಕಣ್ಣಲ್ಲಿ ಯಾಕೆ ನೀರು?"