ಗುರಪ್ಪನಿಗೆ ಹೇಳದೆ ಉಳಿದ ಕೆಟ್ಟ ಸುದ್ದಿ

ನಾಯಕತ್ವವೆಂಬುದು ಮನುಷ್ಯ ಹೊರಬೇಕಾದ ಹೊರೆಗಳಲ್ಲೆಲ್ಲ ಅತ್ಯಂತ ಭಾರವಾದದ್ದು. ಅದನ್ನು ನನ್ನ ಹೆಗಲಿಗೆ ಯಾರೂ ಹೊರಿಸುತ್ತಿಲ್ಲವಲ್ಲ ಎಂಬ ಹೊಟ್ಟೆಯುರಿಯಲ್ಲಿ ನಾನು ಒಂದು ಆಕಳನ್ನು ಕೊಂದೆ, ಗುರಪ್ಪ. ತಪ್ಪು ನಿನ್ನ ತಲೆಯ ಮೇಲೆ ಬಂತು. ನಾನು ಸುಮ್ಮನಿದ್ದೆ.

ಆ ಬರಗಾಲದಲ್ಲಿ ವಲಾಂಡಿಯ ಹತ್ತಿರ ನಾವು ಛಾವಣಿ ನಡೆಸುತ್ತಿದ್ದೆವು—ಮೇವಿಲ್ಲದ ಮನೆಗಳ ದನಗಳನ್ನು ಒಂದೆಡೆ ಕಟ್ಟಿ ಸಾಕುವ ಕೆಲಸ. ನೀನು ಉದಗೀರದ ಕಾಳುಕಡಿಯ ಅಡತಿ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದು ಅಧ್ಯಕ್ಷನಾದೆ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು—ಬರೀ ಸದಸ್ಯ. ಮಿದುಳು ಆಜ್ಞೆ ಕೊಡುತ್ತದೆ, ಅಂಗಗಳು ಪಾಲಿಸುತ್ತವೆ, ಛಾವಣಿಯೂ ಹಾಗೆಯೇ ನಡೆಯಬೇಕು ಎಂದು ಸಭೆಯಲ್ಲಿ ಚಿತ್ರ ಬರೆದು ತೋರಿಸಿದೆ. ನೀನು ಅದನ್ನು ಬಹಳ ಹೊತ್ತು ನೋಡಿದೆ.

“ಚಲೋ ಅದನೋ ಮಾಸ್ತರ. ಆದ್ರ ಕಾಲಾಗ ಮುಳ್ಳು ಚುಚ್ಚಿದ್ದು ಈ ನಿನ್ನ ಮಿದುಳಿಗಿ ಯಾರು ಹೇಳತಾರ?”

ಒಂದೇ ಆಕಳಿದ್ದ ಮುದುಕಿ ಕಾಶೀಬಾಯಿ ಎಲ್ಲರಿಗಿಂತ ಜೋರಾಗಿ ನಕ್ಕಳು. “ಸರ್ ಮಿದುಳಿಗೇ ಚಪ್ಪಲ್ ಹಾಕ್ಯಾರ ಬಿಡ್ರಿ!”

ಉತ್ತರ ನನಗೆ ಗೊತ್ತಿತ್ತು. ಮಿದುಳಿಗೆ ಸ್ವಂತ ನೋವೆಂಬುದಿಲ್ಲ. ಅದನ್ನೇ ಕೊಯ್ದರೂ ಅದಕ್ಕೆ ತಿಳಿಯದು. ನರಗಳು ತಂದು ಒಪ್ಪಿಸಿದಷ್ಟೇ ಅದರ ತಿಳಿವಳಿಕೆ. ಪ್ರತಿವರ್ಷ ಇದನ್ನು ಪಾಠ ಹೇಳುತ್ತಿದ್ದೆ. ಅಂದು ಮಾತ್ರ ಮುಖ ಊದಿಸಿಕೊಂಡು ಕೂತೆ.

ಅದೇ ಸಂಜೆ ನಿಲಂಗಾದ ಬಸ್ಸಿನ ಕಿಟಕಿಯಿಂದ ಕಂಡೆ—ಜೋಳದ ಕೂಳೆಯಿಂದ ಚಿಗುರಿ, ನೀರಿಲ್ಲದೆ ಬಾಡಿದ ಎಳೆ ಪೈರನ್ನು ಮೇವು ಮಾರುವವನ ಆಳುಗಳು ಕೊಯ್ದು ನಮ್ಮ ಟ್ರ್ಯಾಕ್ಟರಿಗೆ ತುಂಬುತ್ತಿದ್ದರು. ಅದರಲ್ಲಿ ವಿಷವಿರುತ್ತದೆ. ಹೊಲದಲ್ಲಿ ನೋಡಿದ್ದರೆ ಛಾವಣಿಯ ಯಾವ ರೈತನಾದರೂ ತಡೆಯುತ್ತಿದ್ದ. ಛಾವಣಿಗೆ ಬರುವಷ್ಟರಲ್ಲಿ ಅದು ಯಂತ್ರದಲ್ಲಿ ಕತ್ತರಿಸಿ ಒಣ ದಂಟಿನ ಕಣಕಿಯೊಡನೆ ಬೆರೆತಿರುತ್ತಿತ್ತು. ನಮ್ಮವರಲ್ಲಿ ಕಂಡವನು ನಾನೊಬ್ಬನೇ.

ಬೆಳಿಗ್ಗೆ ನೀನು ನಿನ್ನ ಪದ್ಧತಿಯಂತೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡೆ. “ಕೆಟ್ಟ ಸುದ್ದಿ ಮದಲ ಹೇಳ್ರಿ. ಚಹಾ ಆಮ್ಯಾಲ.” ಒಬ್ಬ ಹಗ್ಗ ಹರಿದಿದೆ ಎಂದ, ಇನ್ನೊಬ್ಬ ನೀರಿನ ಟ್ಯಾಂಕರ್ ಸೋರುತ್ತದೆ ಎಂದ. ನನ್ನ ಸರದಿ ಬಂತು.

“ಮಾಸ್ತರ, ನಿಂದೇನು?”

“ನಂದೇನಿಲ್ಲ.”

ಕೊಲ್ಲುವ ಮನಸ್ಸಿರಲಿಲ್ಲ. ನೀನು ಒಬ್ಬನೇ ಬಂದು, ಯಾಕೋ ಸಿಟ್ಟೇನು ಎಂದು ಕೇಳುತ್ತೀ, ಆಗ ಗಾಂಭೀರ್ಯದಿಂದ ಹೇಳೋಣ ಎಂದು—ಕಾಯ್ದೆ. ನೀನು ಬಂದೆ, ನನಗೆ ಇನ್ನೊಂದು ಕಪ್ ಚಹಾ ಹಿಡಿದುಕೊಂಡು. ಏನೂ ಕೇಳಲಿಲ್ಲ. ನಾನು ಕುಡಿದೆ. ಅಷ್ಟರಲ್ಲಿ ಗೋದಲಿಗೆ ಮೇವು ಬಿದ್ದಿತ್ತು. ಓಡಿದೆ, ಕೂಗಿದೆ, ಬಾಚಿ ತೆಗೆಸಿದೆ. ಮೊದಲ ಗೋದಲಿಯ ಕಾಶೀಬಾಯಿಯ ಆಕಳು ಮಾತ್ರ—

ಆ ವಿಷ ಏರಿದಾಗ ರಕ್ತದ ತುಂಬ ಪ್ರಾಣವಾಯು ಇರುತ್ತದೆ. ಜೀವಕೋಶಕ್ಕೆ ಅದನ್ನು ಬಳಸಲಾಗುವುದಿಲ್ಲ. ಉಸಿರಿನ ಮಗ್ಗುಲಲ್ಲೇ ಉಸಿರುಗಟ್ಟಿ ಸಾಯುತ್ತದೆ. ನಿನ್ನ ಮಗ್ಗುಲಲ್ಲೂ ತಿಳಿದವನೊಬ್ಬ ಕೂತಿದ್ದ, ಗುರಪ್ಪ.

ಕಾಶೀಬಾಯಿ ಆಕಳ ಕೊರಳಿನ ಗಂಟೆ ಬಿಚ್ಚಿಕೊಂಡಳು. ಅಳಲಿಲ್ಲ. ನೀನು ಎಲ್ಲರೆದುರು ಕೈಮುಗಿದೆ.

“ತಪ್ಪು ನಂದದ, ಅವ್ವಾ. ಮೇವು ಎಲ್ಲಿಂದ ಬಂತಂತ ನಾ ಕೇಳಿಲ್ಲ. ಮಾಸ್ತರ ಇದ್ದದ್ದಕ್ಕ ಉಳದವು ಬದಕ್ಯಾವ. ನಾಳಿಂದ ಅಂವನೇ ಅಧ್ಯಕ್ಷ.”

ನೀನು ನಿನ್ನ ಮನೆಯ ದೇವಣಿ ತಳಿಯ ಆಕಳನ್ನು ಅವಳಿಗೆ ಕೊಟ್ಟೆ. ಮರುದಿನ ಜನ ನನಗೆ ಹಾರ ಹಾಕಿದರು. ನಾನು ಕೊರಳು ಬಾಗಿಸಿದೆ—ಬಾಗಿಸಿದೆ, ಅಷ್ಟೇ. ಇದಕ್ಕೆ ನನ್ನ ಶಾಸ್ತ್ರದಲ್ಲಿ ಸಬೂಬಿಲ್ಲ.

ಈಗಲೂ ಹೊಸಬರು ಬಂದರೆ ನೀನು ನನ್ನ ಹೆಗಲ ಮೇಲೆ ಕೈಹಾಕಿ, “ದನ ಉಳಿಸಿದಾಂವ ಇಂವನೇ” ಎನ್ನುತ್ತೀ. ಅಚ್ಚಿಗೆ ಕಳಿಸುವ ಮೊದಲು ಇದನ್ನು ನಿನ್ನೆದುರು ಕೂತು ಓದುತ್ತೇನೆ. ಆಮೇಲೆ ಆ ಕೈ ಎಲ್ಲಿಡುತ್ತೀಯೋ ನಿನ್ನ ಇಷ್ಟ.

ಮಳೆ ಹಿಡಿದು ಛಾವಣಿ ಮುಚ್ಚುವವರೆಗೂ ಅಧ್ಯಕ್ಷ ನಾನೇ ಇದ್ದೆ.