ಹುಳುಮನೆಯ ಗಾಳಿ

ಕೊರೊನಾ ಮುಗಿಯಿತೆಂದು ಜನ ಮಾಸ್ಕ್ ಬಿಸಾಡಿದ ವರ್ಷದ ಚಳಿಗಾಲ. ಆಗ ನಾನು ಚನ್ನಪಟ್ಟಣ ತಾಲ್ಲೂಕಿನಲ್ಲಿ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ರೇಷ್ಮೆ ಇಲಾಖೆಯೆಂದರೆ ಹುಳುವಿನ ಕೆಲಸ ಎಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅದು ಮುಕ್ಕಾಲು ಪಾಲು ಗಾಳಿಯ ಕೆಲಸ. ಗಾಳಿಯಲ್ಲಿ ತೇವ ಕಡಿಮೆಯಾದರೆ ಸೊಪ್ಪು ಬಾಡುತ್ತದೆ, ರಸ್ತೆಯ ಧೂಳು ಕೂತ ಸೊಪ್ಪನ್ನು ಹುಳು ಮೂಸುವುದಿಲ್ಲ, ಪಕ್ಕದ ಹೊಲದವರು ಔಷಧಿ ಹೊಡೆದರೆ ಆ ಗಾಳಿಗೇ ಇಡೀ ಬೆಳೆ ಮಲಗುತ್ತದೆ. ಇದನ್ನೇ ಹಳ್ಳಿಹಳ್ಳಿಗೆ ಹೋಗಿ ಗಂಟಲು ಹರಿಯುವಂತೆ ಹೇಳುವುದು ನನ್ನ ಉದ್ಯೋಗವಾಗಿತ್ತು.

ಹೊಂಗನೂರಿನಾಚೆಯ ಒಂದು ಹಳ್ಳಿಯಲ್ಲಿ ಸಿದ್ದರಾಜು, ಜಯಮ್ಮ ಎಂಬ ದಂಪತಿ ಇದ್ದರು. ಹುಳು ಮೇಯಿಸುವುದರಲ್ಲಿ ಜಯಮ್ಮನದು ಎತ್ತಿದ ಕೈ. ತರಬೇತಿಯಲ್ಲಿ ಎಲ್ಲರೆದುರೇ ನನ್ನನ್ನು ರೇಗಿಸುತ್ತಿದ್ದಳು. "ನೀವೂ ಒಂದ್ಸಲ ಹುಳ ಮೇಯ್ಸಿ ನೋಡಿ ಮೇಡಮ್ನೋರೆ, ಆಮೇಲೆ ಭಾಷಣ ಮಾಡೀರಂತೆ." ನನ್ನದೂ ಬಾಯಿ ಜೋರು. ಆದರೆ ಅವಳ ಮುಂದೆ ನಡೆಯುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ಮಂಜು ಬಿಡದೆ ಕವಿಯಿತು. ಜಯಮ್ಮನ ಮನೆಯಲ್ಲಿ ಹುಳು ಚಾಕಿ ಹಂತದಲ್ಲಿದ್ದವು. ಚಾಕಿ ಎಂದರೆ ಮೊಟ್ಟೆಯೊಡೆದ ಮೇಲಿನ ಎಳೆಯ ಹಂತ. ಆಗ ಹುಳುವಿಗೆ ಇಪ್ಪತ್ತೇಳು ಡಿಗ್ರಿಯಷ್ಟು ಶಾಖ, ಶೇಕಡಾ ಎಂಬತ್ತೈದರ ಮೇಲೆ ತೇವಾಂಶ ಬೇಕು. ಅದಕ್ಕಾಗಿ ಗೋಡೆಗೆ ಒದ್ದೆ ಗೋಣಿಚೀಲ ತೂಗುಹಾಕಿ, ಬಾಣಲೆಯಲ್ಲಿ ಇದ್ದಿಲ ಕೆಂಡ ಇಡುತ್ತಾರೆ. ಹೊಗೆ ಹುಳುವಿಗೆ ಆಗದು. ಹಾಗಾಗಿ ಇದ್ದಿಲನ್ನು ಅಂಗಳದಲ್ಲೇ ಉರಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಎಂದ ಮೇಲೆ ಒಳಗೆ ಒಯ್ಯುತ್ತಾರೆ. ಆಮೇಲೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ.

ನಾನು ಹೋದಾಗ ಬೆಳಗ್ಗೆ ಒಂಬತ್ತಾಗಿರಬಹುದು. ಸಿದ್ದರಾಜು ಅಂಗಳದಲ್ಲಿ ಸೊಪ್ಪು ಕತ್ತರಿಸುತ್ತಿದ್ದ. ಹುಳುಮನೆಯ ಬಾಗಿಲು ಮುಚ್ಚಿತ್ತು, ಕಿಟಕಿಗಳಿಗೆ ಪ್ಲಾಸ್ಟಿಕ್ ಹೊಡೆದಿತ್ತು, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿತ್ತು.

"ಜಯಮ್ಮ ಎಲ್ಲಪ್ಪ?" ಎಂದೆ.

"ಒಳಗವ್ಳೆ. ಬೆಳಿಗ್ಗೆ ಕೆಂಡ ಇಕ್ಕಕ್ಕೆ ಹೋದೋಳು ಒಸಿ ತಲೆನೋವು ಅಂದ್ಲು. ಅಲ್ಲೇ ಬೆಚ್ಚಗೆ ಮಲೀಕಂಡವ್ಳೆ."

ನಾನು ಬಾಗಿಲ ಕಡೆ ಓಡಿದೆ. "ಕೆಂಡ ಒಳಗೇ ಇದೆಯಾ? ಬಾಗಿಲು ತೆಗಿ!"

ಅವನು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ. "ಸುಮ್ನಿರಿ ಮೇಡಮ್ನೋರೆ, ಥಂಡಿ ನುಗ್ತದೆ. ಈಗ ತಾನೆ ಇಣುಕಿ ನೋಡಿ ಬಂದಿವ್ನಿ, ಹುಳ ಚೆಂದಾಗಿ ಮೇಯ್ತಾ ಅವೆ. ಊದುಬತ್ತಿ ಗಾಳಿಗೇ ಸಾಯೋ ಜೀವ ಅದು. ಅದ್ಕೇ ಏನೂ ಆಗ್ದಿದ್ಮೇಲೆ ಮನುಷ್ರಿಗೇನಾದದು?"

ರೇಷ್ಮೆ ಬೆಳೆಯುವ ಮನುಷ್ಯನಿಗೆ ಇದಕ್ಕಿಂತ ಸಹಜವಾದ ಮಾತಿಲ್ಲ. ಸೊಳ್ಳೆಬತ್ತಿಯ ಹೊಗೆ, ಹೊಗೆಸೊಪ್ಪಿನ ಪುಡಿ, ಎಲ್ಲಕ್ಕೂ ಮೊದಲು ಬಲಿಯಾಗುವುದು ಹುಳುವೇ. ಹುಳು ಬದುಕಿದ್ದರೆ ಗಾಳಿ ಶುದ್ಧ ಎಂದು ಆ ಸೀಮೆಯ ಜನ ತಲೆತಲಾಂತರದಿಂದ ನಂಬಿದ್ದಾರೆ. ಕೆಂಡದ ವಿಷಯದಲ್ಲಿ ಮಾತ್ರ ಈ ನಂಬಿಕೆ ಕೈಕೊಡುತ್ತದೆ. ಮುಚ್ಚಿದ ಕೋಣೆಯ ಕೆಂಡ ಕಾರ್ಬನ್ ಮಾನಾಕ್ಸೈಡ್ ಅನಿಲ ಬಿಡುತ್ತದೆ. ನಮ್ಮ ಕೆಂಪು ರಕ್ತ ಆಮ್ಲಜನಕವನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ. ಹುಳುವಿಗೆ ಕೆಂಪು ರಕ್ತವೇ ಇಲ್ಲ. ಮೈಯ ಪಕ್ಕದ ರಂಧ್ರಗಳಿಂದ ಸಣ್ಣ ಕೊಳವೆಗಳ ಮೂಲಕ ಗಾಳಿ ನೇರ ಮೈಯೊಳಕ್ಕೆ ಹೋಗುತ್ತದೆ. ಮನುಷ್ಯನನ್ನು ಕೊಲ್ಲುವಷ್ಟು ಅನಿಲದಲ್ಲೂ ಅದು ಸೊಪ್ಪು ತಿನ್ನುತ್ತಿರುತ್ತದೆ.

ಅದನ್ನೆಲ್ಲ ವಿವರಿಸುವ ಹೊತ್ತು ಅದಾಗಿರಲಿಲ್ಲ. ಅವನನ್ನು ತಳ್ಳಿ ಬಾಗಿಲಿಗೆ ಒದ್ದೆ. ಒಳಗೆ ಹಿತವಾದ ಬೆಚ್ಚನೆ ತೇವ. ಹುಳು ಮೇಯುವ ತಟ್ಟೆಗಳ ಸ್ಟ್ಯಾಂಡಿನ ಕೆಳಗೆ ಜಯಮ್ಮ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಕೆನ್ನೆ ಕೆಂಪಗಿತ್ತು, ಆರೋಗ್ಯವಂತಳ ಹಾಗೆ. "ಜಯಾ, ಏಳಮ್ಮಿ, ಮೇಡಮ್ನೋರು ಬಂದವ್ರೆ" ಎಂದು ಸಿದ್ದರಾಜು ಹೆಗಲು ಅಲುಗಿಸಿದ. ಅವಳ ತಲೆ ಜೋತುಬಿತ್ತು. ಇಬ್ಬರೂ ಸೇರಿ ಅಂಗಳಕ್ಕೆ ಎಳೆದು ತಂದೆವು. ನನಗೆ ಗೊತ್ತಿದ್ದಷ್ಟು ಎದೆ ಒತ್ತಿದೆ. ಆಂಬುಲೆನ್ಸ್ ಬಂತು. ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು, ಜೀವ ಹೋಗಿದೆ ಎಂದರು. ಕಾರಿಡಾರಿನಲ್ಲಿ ನಿಂತು ನಾನು ಬಿಕ್ಕಿಬಿಕ್ಕಿ ಅತ್ತೆ. ಸರ್ಕಾರಿ ನೌಕರಿಯಲ್ಲಿ ನಾಲ್ಕು ಜನರೆದುರು ಹಾಗೆ ಅತ್ತದ್ದು ಅದೊಂದೇ ಸಲ.

ಮಾರನೆಯ ದಿನ ಮಣ್ಣು ಮಾಡಿ ಬಂದರು. ಸೂತಕದವರು ಹುಳುಮನೆಗೆ ಕಾಲಿಡುವಂತಿಲ್ಲವೆಂಬುದು ಅಲ್ಲಿನ ಕಟ್ಟುಪಾಡು. ನೆರೆಮನೆಯ ಹೆಂಗಸರು ಸೊಪ್ಪು ಹಾಕುತ್ತಿದ್ದರು. ಒಮ್ಮೆ ನೋಡಿ ಎಂದು ಅವರು ಕರೆದದ್ದಕ್ಕೆ ಒಳಗೆ ಹೋದೆ. ಕಿಟಕಿಗಳೆಲ್ಲ ತೆರೆದಿದ್ದವು, ಕೋಣೆ ಕೊರೆಯುತ್ತಿತ್ತು. ತಟ್ಟೆಗಳಲ್ಲಿ ಹುಳು ತುಸು ನಿಧಾನವಾಗಿಯೇ ಆದರೂ ಮೇಯುತ್ತಿದ್ದವು.

ಸಿದ್ದರಾಜು ಕಿಟಕಿಯ ಹೊರಗೆ ನಿಂತು ಕೇಳಿದ. "ತಿಂತಾ ಅವಾ?"

"ತಿಂತಾ ಇವೆ" ಎಂದೆ.

ಅವನು ಕಿಟಕಿಯ ಸರಳಿಗೆ ಹಣೆಯೊತ್ತಿದ. "ನಾನು ಇಣುಕಿದಾಗ ಒಂದೇ ಒಂದು ಹುಳ ಸತ್ತಿದ್ರೂ ಸಾಕಾಗಿತ್ತು ಕಣಮ್ಮ. ಬಾಗ್ಲು ತಗ್ದುಬುಡ್ತಿದ್ದೆ."

ಕೆಲಸ ನನಗೆ ಕಲಿಸಿದ ಪಾಠ ಅದೇ. ಹುಳುಮನೆಯ ಗಾಳಿ ಹುಳುವಿಗೆ ಸರಿಯಿದ್ದರೆ ಸಾಲದು, ಮೇಯಿಸುವವಳಿಗೂ ಸರಿಯಿರಬೇಕು. ನಿವೃತ್ತಿಯಾಗುವ ದಿನದವರೆಗೂ ಪ್ರತಿ ತರಬೇತಿಯಲ್ಲಿ ಇದನ್ನೇ ಮೊದಲು ಹೇಳಿದೆ. ಆಗೆಲ್ಲ ನನ್ನನ್ನು ರೇಗಿಸುವವರು ಯಾರೂ ಇರಲಿಲ್ಲ.