ತಮ್ಮಯ್ಯನ ಕೆತ್ತನೆ, ಬೊಮ್ಮಯ್ಯನ ಬಾಗಿಲು

ಗೋಣಿಬೀಡಿನ ಬಡಗಿ ಬೊಮ್ಮಯ್ಯನ ಬಗ್ಗೆ ಹೇಳಹೊರಟರೆ ತಮ್ಮಯ್ಯನನ್ನು ಬಿಟ್ಟು ಹೇಳಲಾಗದು. ಮೂವತ್ತು ವರ್ಷ ಇಬ್ಬರೂ ಜೋಡಿಯಾಗಿ ದುಡಿದವರು. ಮರ ಕೊಯ್ದು, ಕೂಡಿಸಿ, ನಿಲ್ಲಿಸುವುದು ಬೊಮ್ಮಯ್ಯ, ಕೆತ್ತುವುದು ತಮ್ಮಯ್ಯ. ಆದರೆ ನಮ್ಮ ಕಡೆ ಬಾಗಿಲು ನಿಲ್ಲಿಸುವ ದಿನ ಧಣಿಗಳು ವೀಳ್ಯ, ಪಂಚೆ ಕೊಡುವುದು ಚೌಕಟ್ಟು ನಿಲ್ಲಿಸಿದವನ ಕೈಗೆ. ಕೆತ್ತಿದವನು ಉಳಿ ಒರೆಸಿಕೊಂಡು ಹಿಂದೆ ನಿಂತಿರುತ್ತಾನೆ. ಹೀಗಾಗಿ ಮೂಡಿಗೆರೆ ಸುತ್ತ ಯಾವ ಬಂಗಲೆಯಲ್ಲಿ ಕೇಳಿದರೂ ಇದು ಬೊಮ್ಮಯ್ಯನ ಬಾಗಿಲು ಎನ್ನುತ್ತಾರೆ. ಬೊಮ್ಮಯ್ಯ ವೀಳ್ಯದಲ್ಲಿ ಅರ್ಧ ಕೊಡುತ್ತಿದ್ದ. ಹೆಸರಿನಲ್ಲಿ ಅರ್ಧ ಕೊಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಎರಡು ಸಾವಿರದ ಮೂರರಲ್ಲಿ ಬೆಂಗಳೂರಿನ ಆರ್ಕಿಟೆಕ್ಟ್ ಒಬ್ಬರು ನಮ್ಮ ಎಸ್ಟೇಟಿಗೆ ಬಂದು, ಬಂಗಲೆಯ ಬಾಗಿಲ ಮುಂದೆ ಅರ್ಧ ದಿನ ನಿಂತರು. ಮನೆ ಕಟ್ಟುವುದು, ಮರಗೆಲಸ, ಕುಸುರಿ ಇವುಗಳ ಮೇಲೆ ಅವರು ಬೆಂಗಳೂರಿನಲ್ಲಿ ತಿಂಗಳಿಗೊಂದು ಭಾಷಣ ಇಡಿಸುತ್ತಿದ್ದರಂತೆ. ಮುಂದಿನದಕ್ಕೆ ಬೊಮ್ಮಯ್ಯ ಬರಲೇಬೇಕು ಎಂದರು. ನಾನು ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್. ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆಂದು ಧಣಿಗಳು ನನ್ನನ್ನೂ ಜೊತೆಗೆ ಅಟ್ಟಿದರು. ಕಾಫಿ ಹಣ್ಣಿನ ಕೊಯ್ಲಿನ ಕಾಲ, ಮೈಯೆಲ್ಲ ನೋವು. ಒಲ್ಲದ ಮನಸ್ಸಿನಿಂದಲೇ ಹೊರಟೆ.

ಹೊರಡುವ ಮುಂಚೆ ಬೊಮ್ಮಯ್ಯ ನನ್ನನ್ನು ತಮ್ಮಯ್ಯನ ಮನೆಗೆ ಕರೆದೊಯ್ದ. ಲಕ್ವ ಹೊಡೆದು ತಮ್ಮಯ್ಯನ ಬಲಗೈ ಬಿದ್ದುಹೋಗಿ ಎರಡು ವರ್ಷವಾಗಿತ್ತು.

"ಅಲ್ಲಿ ದೊಡ್ಡ ದೊಡ್ಡವ್ರು ಬರ್ತಾರಂತೆ," ಎಂದ ತಮ್ಮಯ್ಯ. "ಕೆತ್ತಿದ್ದು ನಾನು ಅಂತ ಒಂದ್ಸಲ ಹೇಳು ಮಾರಾಯ. ಒಂದ್ಸಲ ಸಾಕು."

ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ.

ಸಭೆಯಲ್ಲಿ ಆರ್ಕಿಟೆಕ್ಟರು ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು. ಬೊಮ್ಮಯ್ಯ ವೇದಿಕೆಯ ಕುರ್ಚಿಯ ತುದಿಯಲ್ಲಿ ಕೂತು ತೂಕಡಿಸಿದ. ಕೊನೆಗೆ ಗೋಡೆಯ ಮೇಲೆ ನಮ್ಮ ಬಾಗಿಲಿನ ಚಿತ್ರ ಬಂತು, ಅವನ ಕೈಗೆ ಮೈಕು ಬಂತು.

"ಇದು ನಾನ್ ಕೆತ್ತಿದ್ದಲ್ಲ. ನಮ್ಮ ತಮ್ಮಯ್ಯ ಕೆತ್ತಿದ್ದು. ನಾನು ನಿಲ್ಸಿದೀನಿ, ಅಷ್ಟೇ," ಎಂದ.

ಆರ್ಕಿಟೆಕ್ಟರಿಗೆ ಕನ್ನಡ ಅರೆಬರೆ. ಅವರು ಕಣ್ಣು ಒದ್ದೆ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದ್ದು ಇದು: ಇಂಥ ಬಾಗಿಲು ಮಾಡಿದ ಮೇಲೂ ಈತ ನನ್ನದೆನ್ನುವುದಿಲ್ಲ, ನಮ್ಮ ಕಸುಬುದಾರರ ವಿನಯ ನೋಡಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿ ಕನ್ನಡ ಬಲ್ಲವರು ಇದ್ದೇ ಇದ್ದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರನ್ನು ಬೈದು ಏನು ಫಲ, ನಾನೂ ಬಿಚ್ಚಲಿಲ್ಲ.

ಮೆಟ್ಟಿಲಿಳಿಯುವಾಗ ಬೊಮ್ಮಯ್ಯ ಕೇಳಿದ, "ತಮ್ಮಯ್ಯನ ಹೆಸ್ರು ಹೇಳಿದ್ರಲ್ಲ ರೈಟ್ರೇ?"

"ಹೇಳಿದ್ರು," ಎಂದೆ. ಸುಸ್ತಾಗಿತ್ತು. ಮತ್ತೆ ಒಳಗೆ ಹೋಗಿ ಆ ದೊಡ್ಡವರ ಎದುರು ಬಾಯಿ ತೆರೆಯುವ ಶಕ್ತಿ ನನ್ನಲ್ಲಿರಲಿಲ್ಲ. ನಾಚಿಕೆಗೇಡು, ಆದರೆ ನಿಜ.

ಆರು ತಿಂಗಳಿಗೆ ಆರ್ಕಿಟೆಕ್ಟರ ಕಡೆಯಿಂದ ಇಂಗ್ಲಿಷ್ ಪುಸ್ತಕವೊಂದು ಬಂತು. ಬಾಗಿಲಿನ ಪಕ್ಕ ಬೊಮ್ಮಯ್ಯನ ಫೋಟೋ. ಅದನ್ನು ಹಿಡಿದುಕೊಂಡು ಅವನು ನನ್ನನ್ನು ನೇರ ತಮ್ಮಯ್ಯನ ಮನೆಗೆ ಎಳೆದೊಯ್ದ.

"ಇವನ ಹೆಸ್ರು ಎಲ್ಲಿದೆ ತೋರ್ಸಿ ರೈಟ್ರೇ."

ನಾನು ಎರಡು ಸಲ ಓದಿದೆ. ಎಲ್ಲೂ ಇರಲಿಲ್ಲ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಫೋಟೋದ ಕೆಳಗಿನ ಸಾಲಿನಲ್ಲಿ ಯಾವುದೋ ಒಂದು ಪದದ ಮೇಲೆ ಬೆರಳಿಟ್ಟೆ.

ಬೊಮ್ಮಯ್ಯ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಅದರ ಕೆಳಗೆ ನೆಟ್ಟಗೆ ಗೆರೆ ಎಳೆದ. ತಮ್ಮಯ್ಯ ಎಡಗೈ ಬೆರಳಿನಿಂದ ಅದನ್ನು ಮೆಲ್ಲಗೆ ಸವರಿದ.

"ಸಣ್ಣಕ್ಕೆ ಹಾಕಿದಾರೆ," ಎಂದ. "ಇರ್ಲಿ ಬಿಡಿ, ಹಾಕಿದಾರಲ್ಲ."